ಮೊದಲ ಶಿಫ್ಟಿನ ನಡುಕ: ಆಂಬುಲೆನ್ಸ್ ಕೆಲಸಕ್ಕೆ ಹೊರಟವರಿಗೆ

ನಾಳೆ ಬೆಳಿಗ್ಗೆ ಮೊದಲ ಶಿಫ್ಟ್. ಯೂನಿಫಾರ್ಮ್ ಇಸ್ತ್ರಿಯಾಗಿ ಕುರ್ಚಿಯ ಮೇಲಿದೆ. ಬೂಟು ಬಾಗಿಲ ಹತ್ತಿರ ಸಿದ್ಧವಾಗಿದೆ. ಅಲಾರಂ ಇಟ್ಟಿದ್ದೀನಾ ಅಂತ ಮೂರು ಸಲ ನೋಡಿ ಆಯ್ತು. ಆದರೂ ನಿದ್ದೆ ಹತ್ತುತ್ತಿಲ್ಲ. ಕಣ್ಣು ಮುಚ್ಚಿದರೆ ಒಂದೇ ದೃಶ್ಯ. ಯಾರೋ ನೆಲದ ಮೇಲೆ ಬಿದ್ದಿದ್ದಾರೆ. ಸುತ್ತ ಜನ ಕೂಗುತ್ತಿದ್ದಾರೆ. ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಿದ್ದಾರೆ. ನಿಮಗೆ ಮಾತ್ರ ಏನೂ ನೆನಪಾಗುತ್ತಿಲ್ಲ.

ತುರ್ತು ಸೇವೆಗೆ ಇಎಂಟಿ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞ) ಆಗಿ ಸೇರಲಿ, ಅದಕ್ಕಿಂತ ಹೆಚ್ಚು ತರಬೇತಿ ಪಡೆದ ಪ್ಯಾರಾಮೆಡಿಕ್ ಆಗಿ ಸೇರಲಿ, ಇಂಥದೊಂದು ರಾತ್ರಿ ಬಹಳ ಜನರಿಗೆ ಬರುತ್ತದೆ. ಆಗ ಮನಸ್ಸಿಗೆ ಬರುವ ಮೊದಲ ಮಾತು, "ನಾನು ಈ ಕೆಲಸಕ್ಕೆ ಸರಿಯಾದವನಲ್ಲವೇನೋ" ಅಂತ. ಆ ಮಾತು ತಪ್ಪು ಅಂತ ಸುಮ್ನೆ ಸಮಾಧಾನ ಹೇಳಿ ಬಿಟ್ಟುಬಿಡಲು ನನಗೆ ಇಷ್ಟವಿಲ್ಲ. ಹೆದರಿಕೆ ಎಲ್ಲಿಂದ ಬರುತ್ತದೆ, ಅದು ಯಾವುದನ್ನು ಕೆಡಿಸುತ್ತದೆ, ಯಾವುದನ್ನು ಕೆಡಿಸುವುದಿಲ್ಲ ಎಂದು ಗೊತ್ತಾದರೆ ಅದರ ಜೊತೆ ಕೆಲಸ ಮಾಡುವ ದಾರಿ ಕಾಣುತ್ತದೆ. ನಡುಕ ನಿಂತ ಮೇಲೆ ಕೆಲಸ ಶುರು ಮಾಡುತ್ತೇನೆ ಅಂದರೆ ಆ ದಿನ ಬರುವುದೇ ಇಲ್ಲ. ನಡುಗುವ ಕೈಯಲ್ಲೂ ಮಾಡಲು ಬರುವಷ್ಟು ಚಿಕ್ಕದಾಗಿ ಕೆಲಸವನ್ನು ಒಡೆದುಕೊಳ್ಳಬೇಕು. ಈ ಲೇಖನದಲ್ಲಿ ಹೇಳಹೊರಟಿರುವುದು ಅದನ್ನೇ.

ಮೈಯೊಳಗೆ ಏನಾಗುತ್ತದೆ

ಮೆದುಳಿನ ಒಳಗೆ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಸಣ್ಣ ಭಾಗವಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಅದು ಎಚ್ಚರಿಕೆ ಕೊಡುತ್ತದೆ. ಸುದ್ದಿ ನರಗಳ ಮೂಲಕ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಎರಡು ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ಇವು. ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಕೂಡ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಉಸಿರು ಜೋರಾಗುತ್ತದೆ. ಲಿವರ್ ತನ್ನಲ್ಲಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತವೆಲ್ಲ ತೊಡೆ, ತೋಳಿನಂಥ ದೊಡ್ಡ ಸ್ನಾಯುಗಳ ಕಡೆ ಓಡುತ್ತದೆ. ಚರ್ಮಕ್ಕೂ ಹೊಟ್ಟೆಗೂ ಪಾಲು ಕಡಿಮೆಯಾಗುತ್ತದೆ. ಅದಕ್ಕೇ ಬೆರಳು ತಣ್ಣಗಾಗುವುದು, ಹೊಟ್ಟೆ ತೊಳಸಿದಂತಾಗುವುದು, ಬಾಯಿ ಒಣಗುವುದು.

ಇದೇ ಅಡ್ರಿನಲಿನ್ ನಿಮ್ಮ ಔಷಧಿ ಚೀಲದಲ್ಲೂ ಇರುತ್ತದೆ, ಅಲ್ವಾ? ಅಲರ್ಜಿಯಿಂದ ಬಿ.ಪಿ. ಕುಸಿದು ಉಸಿರು ಕಟ್ಟಿದವರಿಗೆ ತೊಡೆಯ ಸ್ನಾಯುವಿಗೆ ಮೊದಲು ಕೊಡುವ ಇಂಜೆಕ್ಷನ್ ಅದೇ. ಹೃದಯ ನಿಂತಾಗ ಕೊಡುವುದೂ ಅದನ್ನೇ. ಜೀವ ಉಳಿಸುವ ವಸ್ತುವನ್ನೇ ನಿಮ್ಮ ದೇಹ ನಿಮಗೆ ಸ್ವಲ್ಪ ಜಾಸ್ತಿ ಕೊಟ್ಟಿದೆ. ಕೈ ನಡುಗುವುದು ಅದರ ಅಡ್ಡ ಪರಿಣಾಮ.

ಅದು ಕೆಡಿಸುವುದು ಏನನ್ನು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಇಬ್ಬರು ಸಂಶೋಧಕರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎರಡು ದಾರಿಗಳಲ್ಲಿ ಸರಿಯಾದದ್ದನ್ನು ಇಲಿ ಗುರುತಿಸಬೇಕು. ತಪ್ಪಿದರೆ ಸಣ್ಣ ವಿದ್ಯುತ್ ಶಾಕ್. ಎರಡು ದಾರಿಗಳ ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ, ಶಾಕ್ ಹೆಚ್ಚಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಕಷ್ಟವಾಗಿದ್ದಾಗ ಮಾತ್ರ ಹೀಗಾಗಲಿಲ್ಲ. ಶಾಕ್ ಒಂದು ಮಟ್ಟ ದಾಟಿದ ಮೇಲೆ ಕಲಿಕೆ ಕೆಟ್ಟಿತು. ಮನುಷ್ಯರ ಒತ್ತಡದ ಬಗ್ಗೆ ಮಾತಾಡುವಾಗ ಇಂದಿಗೂ ಈ ಪ್ರಯೋಗದ ಹೆಸರು ಬರುತ್ತದೆ. ಇಲಿಯ ಪ್ರಯೋಗವನ್ನು ಮನುಷ್ಯರಿಗೆ ಹಾಗೇ ಅಂಟಿಸಬಾರದು, ನಿಜ. ಆದರೆ ಕೆಲಸ ಮಾಡಿದವರಿಗೆಲ್ಲ ಪರಿಚಯವಿರುವ ಸತ್ಯವೊಂದು ಅದರಲ್ಲಿದೆ. ಸುಲಭದ ಕೆಲಸವನ್ನು ಹೆದರಿಕೆ ಅಷ್ಟಾಗಿ ಕೆಡಿಸುವುದಿಲ್ಲ. ಕಷ್ಟದ ಕೆಲಸವನ್ನು ಕೆಡಿಸುತ್ತದೆ.

ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನಲ್ಲಿ ಎದೆ ಒತ್ತುವುದನ್ನು ನೋಡಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ತೋಳು, ಭುಜ, ಸೊಂಟದ ಕೆಲಸ. ಅಡ್ರಿನಲಿನ್ ಇದಕ್ಕೆ ಸಹಾಯವನ್ನೇ ಮಾಡುತ್ತದೆ. ಆದರೆ ಸಣ್ಣ ರಕ್ತನಾಳಕ್ಕೆ ಸೂಜಿ ಹಾಕುವುದು, ಔಷಧಿಯ ಪ್ರಮಾಣ ಲೆಕ್ಕ ಹಾಕುವುದು ಬೇರೆ ಥರದ ಕೆಲಸ. ಅಲ್ಲಿ ಬೆರಳು ಮತ್ತು ಬುದ್ಧಿ ಎರಡೂ ಸೂಕ್ಷ್ಮವಾಗಿರಬೇಕು. ಹೆದರಿಕೆ ಮೊದಲು ಕೈ ಹಾಕುವುದು ಅಲ್ಲಿಗೇ.

ಇನ್ನೊಂದು ಸಂಗತಿ ನೆನಪಿನದ್ದು. ನಾವು ಒಂದೇ ಹೊತ್ತಿನಲ್ಲಿ ತಲೆಯಲ್ಲಿ ಹಿಡಿದಿಡಬಲ್ಲ ವಿಷಯಗಳು ತೀರಾ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಸುಮಾರು ಏಳು ಎಂದರು. ಆಮೇಲೆ ಬಂದವರ ಲೆಕ್ಕ ನಾಲ್ಕರ ಹತ್ತಿರಕ್ಕೆ ಇಳಿಯಿತು. ಒಂದು ಪುಟ್ಟ ಮೇಜು ಇದೆ ಅಂದುಕೊಳ್ಳಿ. ಅದರ ಮೇಲೆ ನಾಲ್ಕೇ ಪಾತ್ರೆ ಹಿಡಿಸುತ್ತವೆ. "ತಪ್ಪು ಮಾಡಿದರೆ ಏನು ಗತಿ" ಎಂಬ ಯೋಚನೆ ಒಂದು ಪಾತ್ರೆಯ ಜಾಗ ತಿನ್ನುತ್ತದೆ. "ಸೀನಿಯರ್ ನನ್ನನ್ನೇ ನೋಡ್ತಿದ್ದಾರೆ" ಎಂಬುದು ಇನ್ನೊಂದರದ್ದು. ಉಳಿದ ಎರಡು ಪಾತ್ರೆಯ ಜಾಗದಲ್ಲಿ ರೋಗಿಯನ್ನು ನೋಡಬೇಕು! ಪರೀಕ್ಷೆಯಲ್ಲಿ ಎಲ್ಲ ಬರೆದವರಿಗೂ ಸ್ಥಳದಲ್ಲಿ ತಲೆ ಖಾಲಿ ಅನಿಸುವುದು ಇದಕ್ಕೆ. ಕಲಿತದ್ದು ಎಲ್ಲೂ ಹೋಗಿರುವುದಿಲ್ಲ. ಇಟ್ಟುಕೊಳ್ಳಲು ಜಾಗ ಇರುವುದಿಲ್ಲ, ಅಷ್ಟೆ.

ಹಾಗಾದರೆ ಮಾಡಬೇಕಾದ್ದು ಎರಡು. ಮೇಜಿನ ಮೇಲೆ ಇಡಲೇಬೇಕಾದ ವಸ್ತುಗಳನ್ನು ಕಡಿಮೆ ಮಾಡುವುದು. ಆದಷ್ಟು ಕೆಲಸವನ್ನು ಮೇಜಿನಿಂದ ಕೈಗೆ ದಾಟಿಸುವುದು.

ಮೊದಲ ಒಂದು ನಿಮಿಷ

ಹೊಸಬರು ಹೆದರುವುದು ಇಡೀ ಕೇಸಿಗೆ. ಇಡೀ ಕೇಸು ಯಾವತ್ತೂ ಒಟ್ಟಿಗೆ ಬರುವುದಿಲ್ಲ. ಮೊದಲು ಬರುವುದು ಮೊದಲ ನಿಮಿಷ. ಅದನ್ನು ಮಾತ್ರ ಗಟ್ಟಿ ಮಾಡಿಕೊಂಡು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಟ್ರೋಲ್ ರೂಮಿನಿಂದ ಕಾಲ್ ಬರುತ್ತದೆ: ಗಂಡಸು, ಸುಮಾರು 60 ವರ್ಷ, ಉಸಿರಾಡಲು ಕಷ್ಟ. ಗಾಡಿ ಹೊರಟ ಕೂಡಲೇ ಪಾರ್ಟ್ನರ್ ಜೊತೆ ಮಾತಾಡಿ. "ನಾನು ಮಾತಾಡಿಸಿ ನೋಡುತ್ತೇನೆ, ನೀವು ಆಕ್ಸಿಜನ್ ಮತ್ತು ಮಾನಿಟರ್ ಹಿಡಿಯುತ್ತೀರಾ?" ಎಂದು ಕೇಳಿ. ಅಥವಾ ಅವರು ನೋಡಲಿ, ನೀವು ಬ್ಯಾಗ್ ಹಿಡಿಯಿರಿ. ಯಾರು ಏನು ಮಾಡುವುದು ಎಂದು ದಾರಿಯಲ್ಲೇ ಇತ್ಯರ್ಥವಾದರೆ ಬಾಗಿಲಲ್ಲಿ ನಿಂತು ಗೊಂದಲಪಡುವುದು ತಪ್ಪುತ್ತದೆ. ದಾರಿಯಲ್ಲಿ ರೋಗದ ಬಗ್ಗೆ ತೀರಾ ಊಹೆ ಬೇಡ. ಆಸ್ತಮಾ ಎಂದು ತೀರ್ಮಾನ ಮಾಡಿಕೊಂಡು ಹೋದರೆ ಹೃದಯದ ತೊಂದರೆ ಕಣ್ಣೆದುರೇ ಇದ್ದರೂ ಕಾಣದೆ ಹೋಗಬಹುದು.

ಸ್ಥಳ ಮುಟ್ಟಿದ ಮೇಲೆ ಮೊದಲ ಪ್ರಶ್ನೆ ನಿಮ್ಮದೇ ಸುರಕ್ಷತೆಯದು. ಹರಿದುಬಿದ್ದ ವಿದ್ಯುತ್ ತಂತಿ, ಓಡಾಡುವ ವಾಹನ, ಗ್ಯಾಸ್ ವಾಸನೆ, ಜಗಳ ಆಡುತ್ತಿರುವ ಜನ ಇದ್ದಾರಾ ಎಂದು ನೋಡಿ. ಇದನ್ನು ಸ್ವಾರ್ಥ ಅಂದುಕೊಳ್ಳಬೇಡಿ. ನಿಮಗೆ ಏಟು ಬಿದ್ದರೆ ರೋಗಿಗಳ ಲೆಕ್ಕ ಒಂದರಿಂದ ಎರಡಕ್ಕೆ ಹೋಗುತ್ತದೆ, ಸಹಾಯ ಮಾಡುವವರ ಲೆಕ್ಕ ಒಂದು ಇಳಿಯುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಗ್ಲೌಸ್ ಹಾಕಿಕೊಳ್ಳುವ ಆ ಕೆಲವು ಸೆಕೆಂಡುಗಳಲ್ಲಿ ಒಂದು ಉದ್ದನೆಯ ಉಸಿರು ಬಿಡಿ.

ಆಮೇಲೆ ಬಾಗಿಲಿನಿಂದಲೇ ನೋಡುವುದು. ಅವರು ಹೇಗೆ ಕೂತಿದ್ದಾರೆ? ಮುಂದಕ್ಕೆ ಬಾಗಿ, ಕೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡಿದ್ದರೆ ಉಸಿರಿಗಾಗಿ ಬಹಳ ಕಷ್ಟಪಡುತ್ತಿದ್ದಾರೆ ಎಂದರ್ಥ. ತುಟಿಯ ಬಣ್ಣ ಏನಿದೆ? ನಿಮ್ಮ ಕಡೆ ತಿರುಗಿ ನೋಡಿದರಾ? ಹತ್ತಿರ ಹೋಗಿ ಅವರ ಕಣ್ಣಿನ ಮಟ್ಟಕ್ಕೆ ಕೂತು, ನಿಮ್ಮ ಹೆಸರು ಹೇಳಿ, ಮಣಿಕಟ್ಟು ಹಿಡಿದು ಕೇಳಿ: "ಏನಾಗ್ತಿದೆ, ಹೇಳಿ."

ಈ ಒಂದು ಪ್ರಶ್ನೆಯಲ್ಲಿ ಎಷ್ಟು ಉತ್ತರ ಅಡಗಿದೆ ನೋಡಿ. ಅವರು ಸ್ಪಷ್ಟವಾಗಿ ಮಾತಾಡಿದರೆ ಆ ಗಳಿಗೆಗೆ ಉಸಿರಿನ ದಾರಿ ತೆರೆದಿದೆ. ಒಂದೇ ಉಸಿರಿಗೆ ಪೂರ್ತಿ ವಾಕ್ಯ ಹೇಳಿದರೆ ಉಸಿರಾಟ ಅಷ್ಟು ಕೆಟ್ಟಿಲ್ಲ. ಎರಡೆರಡು ಪದಕ್ಕೆ ನಿಂತರೆ ಕೆಟ್ಟಿದೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಮೆದುಳಿಗೆ ರಕ್ತ ಹೋಗುತ್ತಿದೆ, ಪ್ರಜ್ಞೆ ಇದೆ. ಮಣಿಕಟ್ಟಿನ ಮೇಲಿರುವ ನಿಮ್ಮ ಬೆರಳಿಗೆ ನಾಡಿಯ ವೇಗ, ಚರ್ಮದ ತಣ್ಣನೆ, ಬೆವರು ಎಲ್ಲ ಗೊತ್ತಾಗುತ್ತದೆ. ಯಂತ್ರ ಇನ್ನೂ ಆನ್ ಆಗಿಲ್ಲ. ಅಷ್ಟರಲ್ಲಿ "ತಕ್ಷಣ ಏನಾದರೂ ಮಾಡಲೇಬೇಕಾ, ಸ್ವಲ್ಪ ಸಮಯ ಇದೆಯಾ" ಎಂಬ ದೊಡ್ಡ ಪ್ರಶ್ನೆಗೆ ನಿಮಗೆ ಉತ್ತರ ಸಿಕ್ಕಿರುತ್ತದೆ.

ಮುಂದಿನದು ಎ, ಬಿ, ಸಿ, ಡಿ, ಇ. ಉಸಿರಿನ ದಾರಿ, ಉಸಿರಾಟ, ರಕ್ತದ ಓಡಾಟ, ಪ್ರಜ್ಞೆ, ಆಮೇಲೆ ಬಟ್ಟೆ ಸರಿಸಿ ಮೈ ನೋಡುವುದು. ಎಲ್ಲರಿಗೂ ಬಾಯಿಪಾಠ ಇರುವುದೇ. ಆದರೆ ಇದರ ನಿಜವಾದ ಬಲ ಅಕ್ಷರಗಳಲ್ಲಿಲ್ಲ, ಎರಡು ನಿಯಮಗಳಲ್ಲಿದೆ. ಒಂದು, ಒಂದು ಮೆಟ್ಟಿಲಲ್ಲಿ ತೊಂದರೆ ಕಂಡರೆ ಅದನ್ನು ಸರಿಮಾಡದೆ ಮುಂದಿನದಕ್ಕೆ ಹೋಗುವಂತಿಲ್ಲ. ಗಂಟಲಲ್ಲಿ ವಾಂತಿ ತುಂಬಿಕೊಂಡಿದ್ದರೆ ಬಿ.ಪಿ. ನೋಡುತ್ತಾ ಕೂರುವುದಿಲ್ಲ, ಮೊದಲು ಸಕ್ಷನ್ ಯಂತ್ರದಿಂದ ಅದನ್ನು ಹೀರಿ ತೆಗೆಯುವುದು. ಎರಡು, ದಾರಿ ತಪ್ಪಿತು ಅನಿಸಿದರೆ, ತಲೆ ಖಾಲಿಯಾದರೆ, ರೋಗಿಯ ಸ್ಥಿತಿ ಬದಲಾದರೆ, ವಾಪಸ್ 'ಎ'ಗೆ, ಅಂದರೆ ಉಸಿರಿನ ದಾರಿಗೆ, ಬರುವುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಮುಂದೆ ಏನು ಎಂದು ಗೊತ್ತಾಗದ ಗಳಿಗೆ ಬಂದೇ ಬರುತ್ತದೆ. ಆಗ ಹೋಗಿ ನಿಲ್ಲಲು ಒಂದು ಜಾಗ ಇದ್ದರೆ ಸಾಕು.

ಇದಕ್ಕೆ ಎರಡು ಅಪವಾದಗಳಿವೆ. ರಕ್ತ ಧಾರಾಕಾರ ಸುರಿಯುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಒತ್ತಿ ನಿಲ್ಲಿಸಬೇಕು. ಕೂಗಿದರೂ ಎಚ್ಚರವಾಗದೆ, ಉಸಿರೂ ಸರಿಯಾಗಿ ಇಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು, ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಹಚ್ಚಬೇಕು. ಇಲ್ಲಿ ಹೊಸಬರನ್ನು ಮೋಸ ಮಾಡುವ ಒಂದು ಸಂಗತಿ ಇದೆ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಮೀನಿನ ಹಾಗೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯುತ್ತಾರೆ. ಅದು ಉಸಿರಾಟ ಅಲ್ಲ. "ಉಸಿರು ಇದೆಯಲ್ಲ" ಎಂದು ಕಾಯಬೇಡಿ.

ಕೈಗೆ ಕಲಿಸುವುದು

ಚೀಲದಿಂದ ಶುರು ಮಾಡಿ. ಶಿಫ್ಟಿಗೆ ಅರ್ಧ ಗಂಟೆ ಮುಂಚೆ ಹೋಗಿ ಗಾಡಿಯನ್ನು ನೋಡಿ. ಪ್ರತಿ ಜಿಪ್ ತೆಗೆಯಿರಿ. ದೊಡ್ಡವರ ಮಾಸ್ಕ್ ಎಲ್ಲಿದೆ, ಮಕ್ಕಳ ಮಾಸ್ಕ್ ಎಲ್ಲಿದೆ, ಸಿಲಿಂಡರಿನಲ್ಲಿ ಆಕ್ಸಿಜನ್ ಎಷ್ಟಿದೆ, ಸಕ್ಷನ್ ಎಳೆಯುತ್ತದಾ, ಡಿಫಿಬ್ರಿಲೇಟರಿಗೆ ಚಾರ್ಜ್ ಇದೆಯಾ, ಪ್ಯಾಡುಗಳ ಅವಧಿ ಮುಗಿದಿದೆಯಾ, ಸ್ಟ್ರೆಚರಿನ ಲಾಕ್ ಬೀಳುತ್ತದಾ ಎಂದು ಒಂದೊಂದಾಗಿ ನೋಡಿ. ಇದು ಹೇಗೂ ನಿಮ್ಮ ಡ್ಯೂಟಿ. ಆದರೆ ಇದರಿಂದ ನಡುಕಕ್ಕೂ ಮದ್ದು ಸಿಗುತ್ತದೆ. ಯಾವ ವಸ್ತು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಲು ಬಂದರೆ ಮೇಜಿನ ಮೇಲೆ ಒಂದು ಪಾತ್ರೆಯ ಜಾಗ ಖಾಲಿಯಾಯಿತು.

ಪಟ್ಟಿ ನೋಡಿಕೊಂಡು ಮಾಡುವುದಕ್ಕೆ ಕೆಲವರಿಗೆ ನಾಚಿಕೆ. ನೋಡಿದರೆ ಏನೂ ಬರಲ್ಲ ಅಂದುಕೊಂಡಾರು ಎಂಬ ಅಳುಕು. 1935ರಲ್ಲಿ ಬೋಯಿಂಗ್ ಕಂಪನಿಯ ಒಂದು ಹೊಸ ದೊಡ್ಡ ಯುದ್ಧವಿಮಾನ ಪರೀಕ್ಷಾ ಹಾರಾಟದಲ್ಲಿ ಬಿದ್ದುಹೋಯಿತು. ಹಾರಿಸುತ್ತಿದ್ದವರು ಬಹಳ ಅನುಭವಿ ಪೈಲಟ್. ರೆಕ್ಕೆ ಬಾಲಗಳ ಚಲಿಸುವ ಭಾಗಗಳಿಗೆ ಹಾಕಿದ್ದ ಒಂದು ಲಾಕ್ ತೆಗೆಯುವುದು ಮರೆತುಹೋಗಿತ್ತು. ಅದರ ನಂತರ ಆ ವಿಮಾನಕ್ಕೆ ಪೈಲಟ್‌ಗಳಿಗಾಗಿ ಚೆಕ್‌ಲಿಸ್ಟ್ ಮಾಡಿದರು. ಪಟ್ಟಿ ಇರುವುದು ನಿಪುಣರೂ ಮರೆಯುತ್ತಾರೆ ಎಂಬ ಕಾರಣಕ್ಕೇ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಔಷಧಿಯ ಪ್ರಮಾಣ, ಮಕ್ಕಳ ನಾಡಿ ಮತ್ತು ಉಸಿರಿನ ಲೆಕ್ಕ, ಮುಖ್ಯ ಫೋನ್ ನಂಬರುಗಳನ್ನು ಅದರಲ್ಲಿ ಬರೆದಿಡಿ. ತೆಗೆದು ನೋಡಿ. ಊಹೆ ಮಾಡಿ ಕೊಡುವವರಿಗಿಂತ ನೋಡಿ ಕೊಡುವವರ ಕೈಯಲ್ಲಿ ರೋಗಿ ಸುರಕ್ಷಿತ.

ಅಭ್ಯಾಸದ ವಿಷಯ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಮರೆವಿನ ವೇಗವನ್ನು ಅಳೆದಿದ್ದರು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ಬಿಟ್ಟು ಬಿಟ್ಟು ಹಲವು ದಿನ ಓದುವುದು ಚೆನ್ನಾಗಿ ಉಳಿಯುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಹಿಂದಿನ ರಾತ್ರಿ ಇಡೀ ಪುಸ್ತಕ ತಿರುವಿ ಹಾಕುವುದು ದಂಡ. ಎರಡು ವಾರ ಮುಂಚಿನಿಂದ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಓದುವುದಕ್ಕಿಂತ ಕೈಯಲ್ಲಿ ಮಾಡುವುದು ಒಳ್ಳೆಯದು, ಮಾಡುವಾಗ ಬಾಯಿಬಿಟ್ಟು ಹೇಳುವುದು ಇನ್ನೂ ಒಳ್ಳೆಯದು. ಮನೆಯವರಿಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿ. ಟಿ.ವಿ. ಜೋರಾಗಿ ಹಾಕಿಕೊಂಡು ನೋಡಿ. ಗಾಡಿಯೊಳಗೆ ಶಬ್ದ ಇದ್ದೇ ಇರುತ್ತದೆ. ಮೆಟ್ಟಿಲು ಹತ್ತಿ ಇಳಿದು ಏದುಸಿರು ಬರುವಾಗ ತರಬೇತಿಯ ಗೊಂಬೆಯ ಎದೆ ಒತ್ತಿ ನೋಡಿ. ಶಾಂತವಾಗಿ ಕೂತು ಕಲಿತದ್ದು ಶಾಂತವಾಗಿರುವಾಗ ಮಾತ್ರ ನೆನಪಾಗುವ ಅಪಾಯ ಇದೆ. ಎದೆ ಹೊಡೆದುಕೊಳ್ಳುವಾಗ ಒಮ್ಮೆಯಾದರೂ ಮಾಡಿದ ಕೈಗೆ ಆಮೇಲೆ ಅದು ಹೊಸದಲ್ಲ.

ಉಸಿರು, ಮತ್ತು ಒಂದು ಮಾತು

ಸ್ಥಳಕ್ಕೆ ಹೋಗುವ ದಾರಿಯಲ್ಲಿ ಮಾಡಬಹುದಾದದ್ದು ಬಹಳ ಸರಳ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಆರು ಎಣಿಸುವಷ್ಟು ಹೊತ್ತು ನಿಧಾನ ಬಿಡಿ. ಐದಾರು ಸಲ ಹೀಗೆ ಮಾಡಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವ ಹೃದಯದ ಮೇಲೆ ಹೆಚ್ಚಾಗಿ ಅದರ ಓಟ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದ ಇರಲಿ ಅನ್ನುವುದು. ಇದರಿಂದ ಹೆದರಿಕೆ ಮಾಯವಾಗುವುದಿಲ್ಲ. ಯೋಚಿಸಲು ಬೇಕಾದಷ್ಟು ಇಳಿಯುತ್ತದೆ, ಅಷ್ಟು ಸಾಕು.

ಮಾತಿಗೂ ಬಲವಿದೆ. 2014ರಲ್ಲಿ ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ ಒಂದು ಅಧ್ಯಯನ ಪ್ರಕಟಿಸಿದರು. ಜನರ ಮುಂದೆ ಹಾಡುವುದು, ಭಾಷಣ ಮಾಡುವುದು, ಗಣಿತ ಮಾಡುವುದು ಇಂಥ ಕೆಲಸಗಳಿಗೆ ಮುಂಚೆ "ಸಮಾಧಾನ, ಸಮಾಧಾನ" ಅಂದುಕೊಂಡವರಿಗಿಂತ "ನನಗೆ ಹುಮ್ಮಸ್ಸಾಗಿದೆ" ಅಂದುಕೊಂಡವರು ಚೆನ್ನಾಗಿ ಮಾಡಿದರು. ಹೊಡೆದುಕೊಳ್ಳುವ ಎದೆಯನ್ನು ತಣ್ಣಗಾಗು ಎಂದರೆ ಅದು ಕೇಳುವುದಿಲ್ಲ. ಭಯಕ್ಕೂ ಹುಮ್ಮಸ್ಸಿಗೂ ಎದೆ ಹೊಡೆದುಕೊಳ್ಳುವುದು ಒಂದೇ ರೀತಿ. ಆದ್ದರಿಂದ ಆ ಕಡೆಯಿಂದ ಈ ಕಡೆಗೆ ದಾಟುವುದು ಸುಲಭ. "ಮೈ ಸಿದ್ಧವಾಗ್ತಿದೆ" ಅಂದುಕೊಂಡು ನೋಡಿ.

ಪಕ್ಕದ ಸೀಟಿನಲ್ಲಿರುವವರು

ಹಿಂದಿನ ರಾತ್ರಿಯ ಆ ದೃಶ್ಯದಲ್ಲಿ ಒಂದು ದೊಡ್ಡ ತಪ್ಪಿದೆ. ಅದರಲ್ಲಿ ನೀವು ಒಬ್ಬರೇ ಇದ್ದೀರಿ. ನಿಜವಾದ ಕೆಲಸದಲ್ಲಿ ಪಾರ್ಟ್ನರ್ ಇರುತ್ತಾರೆ, ಕಂಟ್ರೋಲ್ ರೂಮ್ ಇರುತ್ತದೆ, ಸಾಮಾನ್ಯವಾಗಿ ಫೋನಿನಲ್ಲಿ ಸಲಹೆ ಕೊಡುವ ವೈದ್ಯರೂ ಇರುತ್ತಾರೆ.

ಮೊದಲ ದಿನವೇ ಪಾರ್ಟ್ನರ್‌ಗೆ ನೇರವಾಗಿ ಹೇಳಿ: "ಇದು ನನ್ನ ಮೊದಲ ಶಿಫ್ಟ್. ನನಗೆ ಬಿ.ಪಿ., ಆಕ್ಸಿಜನ್, ಸಿಪಿಆರ್ ಚೆನ್ನಾಗಿ ಬರುತ್ತೆ. ಸ್ಟ್ರೆಚರ್ ಇಳಿಸುವುದರಲ್ಲಿ ಕೈ ಇನ್ನೂ ಕೂತಿಲ್ಲ. ನಾನು ಏನಾದರೂ ಬಿಟ್ಟರೆ ಕೂಡಲೇ ಹೇಳಿ." ಹೀಗೆ ಹೇಳುವುದು ದೌರ್ಬಲ್ಯ ಅನಿಸಬಹುದು. ಜೊತೆಗಾರರ ಕಡೆಯಿಂದ ನೋಡಿ. ಅವರಿಗೆ ಹೆದರಿಕೆ ಇರುವ ಹೊಸಬರಿಂದ ತೊಂದರೆ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸುವ ಹೊಸಬರಿಂದ ತೊಂದರೆ ಇದೆ.

ಸ್ಥಳದಲ್ಲಿ ಮಾತು ಹೇಗಿರಬೇಕು ಎಂಬುದಕ್ಕೂ ಒಂದು ಪದ್ಧತಿ ಇದೆ. ಅವರು "ಆಕ್ಸಿಜನ್ ಹತ್ತು ಲೀಟರ್ ಹಾಕಿ" ಅಂದರೆ ಸುಮ್ಮನೆ ತಲೆಯಾಡಿಸಬೇಡಿ. "ಆಕ್ಸಿಜನ್ ಹತ್ತು ಲೀಟರ್" ಎಂದು ತಿರುಗಿ ಹೇಳಿ. ಹಾಕಿದ ಮೇಲೆ "ಹತ್ತು ಲೀಟರ್ ಹೋಗ್ತಿದೆ" ಎನ್ನಿ. ಕೇಳಿಸಿತು, ಸರಿಯಾಗಿ ಕೇಳಿಸಿತು, ಕೆಲಸ ಆಯಿತು ಎಂಬ ಮೂರೂ ಇದರಲ್ಲಿ ಖಾತ್ರಿ. ಔಷಧಿ ಕೊಡುವ ಮುಂಚೆ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕವನ್ನು ಇಬ್ಬರೂ ಓದಬೇಕು. ನಿಮಗೆ ಏನೋ ಸರಿ ಇಲ್ಲ ಅನಿಸಿದರೆ, ಎದುರಿಗಿರುವವರು ಎಷ್ಟೇ ಸೀನಿಯರ್ ಇರಲಿ, ಬಾಯಿಬಿಟ್ಟು ಹೇಳಿ. "ಸರ್, ಒಂದು ನಿಮಿಷ. ಇವರಿಗೆ ಇದು ಅಲರ್ಜಿ ಅಂದ್ರು, ಅಲ್ವಾ?" ಅಂದರೆ ಯಾರಿಗೂ ಅವಮಾನವಿಲ್ಲ.

ಹೀಗೆ ಮಾಡಿದರೂ ಕೆಲವು ವಾರ "ಇವರೆಲ್ಲರಿಗೂ ಬರುತ್ತೆ, ನನಗೆ ಮಾತ್ರ ಬರಲ್ಲ, ಒಂದು ದಿನ ಸಿಕ್ಕಿಬೀಳ್ತೀನಿ" ಅನಿಸಬಹುದು. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಈ ಭಾವನೆಯನ್ನು ಗುರುತಿಸಿ ಬರೆದಿದ್ದಾರೆ. ಅವರು ನೋಡಿದ್ದು ಓದಿನಲ್ಲೂ ಕೆಲಸದಲ್ಲೂ ನಿಜಕ್ಕೂ ಸಾಧಿಸಿದ ಹೆಂಗಸರನ್ನು. ಅಂದರೆ ಈ ಭಾವನೆ ಇದ್ದ ಮಾತ್ರಕ್ಕೆ ನಿಮಗೆ ಕೆಲಸ ಬರುವುದಿಲ್ಲ ಎಂದಾಗುವುದಿಲ್ಲ. ನಿಮ್ಮ ಪಕ್ಕದ ಸೀನಿಯರ್ ರೋಗಿಯನ್ನು ನೋಡಿದ ಕೂಡಲೇ "ಇದು ಸರಿ ಇಲ್ಲ, ಬೇಗ ಹೊರಡೋಣ" ಎಂದಾಗ ಅದು ಮಾಯ ಅನಿಸುತ್ತದೆ. ಸಂಶೋಧಕ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಬೆಂಕಿ ಆರಿಸುವ ತಂಡಗಳ ಮುಖ್ಯಸ್ಥರನ್ನು ಹೀಗೇ ಗಮನಿಸಿದರು. ಅವರು ಹತ್ತು ದಾರಿಗಳನ್ನು ತೂಗಿ ನೋಡುತ್ತಿರಲಿಲ್ಲ. ಮುಂಚೆ ಕಂಡಿದ್ದ ನೂರಾರು ಬೆಂಕಿಗಳಲ್ಲಿ ಯಾವುದನ್ನೋ ಇದರಲ್ಲಿ ಗುರುತು ಹಿಡಿಯುತ್ತಿದ್ದರು. ಆ ಗುರುತು ಪುಸ್ತಕದಿಂದ ಬರುವುದಿಲ್ಲ. ಒಂದೊಂದೇ ಕೇಸಿನಿಂದ ಕೂಡುತ್ತದೆ. ಅಲ್ಲಿಯವರೆಗೆ ನಿಯಮ ಹಿಡಿದು ನಡೆಯುವುದು ಹೊಸಬರಿಗೆ ಸರಿಯಾದ ದಾರಿ. ಪ್ರತಿ ಕೇಸ್ ಮುಗಿದ ಮೇಲೆ "ನೀವು ಏನು ನೋಡಿ ಹಾಗೆ ತೀರ್ಮಾನ ಮಾಡಿದಿರಿ?" ಎಂದು ಕೇಳಿ. ಹೊಸಬರು ಕೇಳಬಹುದಾದ ಪ್ರಶ್ನೆಗಳಲ್ಲಿ ಬೆಲೆಬಾಳುವುದು ಇದೇ.

ಈ ವೃತ್ತಿಯ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಧ್ಯಾಯವನ್ನು ಇಲ್ಲಿ ಹೇಳಬೇಕು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಸೇರಿದವರಲ್ಲಿ ಹೆಚ್ಚಿನವರು ಕೆಲಸವಿಲ್ಲದ ಕಪ್ಪು ಜನಾಂಗದ ಯುವಕರು. ಕೆಲವರು ಶಾಲೆಯನ್ನೂ ಮುಗಿಸಿರಲಿಲ್ಲ. ಇವರಿಂದ ಏನಾಗುತ್ತದೆ ಎಂದು ಜನ ಕೈಬಿಟ್ಟಿದ್ದವರು. ಸಿಪಿಆರ್ ರೂಪಿಸಿದವರಲ್ಲಿ ಒಬ್ಬರಾದ ಡಾ. ಪೀಟರ್ ಸಫಾರ್ ಈ ಯುವಕರಿಗೆ ತರಬೇತಿ ರೂಪಿಸಿಕೊಟ್ಟರು. ಇಂದು ನಾವು ಪ್ಯಾರಾಮೆಡಿಕ್ ಅನ್ನುವ ಕೆಲಸವನ್ನು ಬೀದಿಯಲ್ಲಿ ಮೊದಲು ಮಾಡಿ ತೋರಿಸಿದವರಲ್ಲಿ ಅವರಿದ್ದಾರೆ. ಹುಟ್ಟಿನಿಂದಲೇ ಧೈರ್ಯವಂತರು ಎಂದು ಅವರನ್ನು ಆರಿಸಿರಲಿಲ್ಲ. ಅವರಿಗೆ ಕಲಿಸಿದರು, ಅವರು ಕಲಿತರು.

ದಿನದ ಕೆಲಸ ಹೇಗಿರುತ್ತದೆ

ಹೆಚ್ಚಿನ ಕಾಲ್‌ಗಳಲ್ಲಿ ರಕ್ತದ ಹೊಳೆ ಹರಿಯುವುದಿಲ್ಲ. ಬಿದ್ದು ಸೊಂಟ ನೋಯಿಸಿಕೊಂಡ ಅಜ್ಜಿ, ಸಕ್ಕರೆ ಇಳಿದು ತೊದಲುತ್ತಿರುವವರು, ಜ್ವರದ ಮಗು, ಎದೆನೋವು, ಹೊಟ್ಟೆನೋವು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕರೆದೊಯ್ಯುವುದು. ಇವರಿಗೆಲ್ಲ ಬೇಕಾದದ್ದು ಮೆಲು ದನಿ, ಸರಿಯಾಗಿ ಎತ್ತುವ ಕೈ, "ಈಗ ನಿಮ್ಮನ್ನು ಹೀಗೆ ತಿರುಗಿಸ್ತೀವಿ, ಸ್ವಲ್ಪ ನೋವಾಗಬಹುದು" ಎಂದು ಮುಂಚೆ ಹೇಳುವ ಮಾತು. ಅದು ನಿಮಗೆ ಈಗಲೇ ಬರುತ್ತದೆ. ಎತ್ತುವಾಗ ಮಾತ್ರ ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟು, ಎಣಿಸಿಕೊಂಡು ಒಟ್ಟಿಗೆ ಎತ್ತಿ. ಈ ಕೆಲಸದವರನ್ನು ಬಹಳ ಕಾಡುವುದು ಬೆನ್ನುನೋವು.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ರೋಗಿಯನ್ನು ಒಪ್ಪಿಸುವ ಗಳಿಗೆಗೂ ಹೊಸಬರು ಹೆದರುತ್ತಾರೆ. ಗಾಡಿಯಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ: ಯಾರು ಮತ್ತು ಏನಾಯಿತು, ನಾವು ಏನು ಕಂಡೆವು, ನಾಡಿ ಬಿ.ಪಿ. ಉಸಿರು ಆಕ್ಸಿಜನ್ ಎಷ್ಟು, ನಾವು ಏನು ಕೊಟ್ಟೆವು. ಓದಿ ಹೇಳಿ. ಗೊತ್ತಿಲ್ಲದ್ದು ಕೇಳಿದರೆ "ಅದು ನೋಡಿಲ್ಲ" ಎನ್ನಿ.

ಊಟ, ನೀರು, ನಿದ್ದೆಯನ್ನು ಸಣ್ಣ ವಿಷಯ ಎಂದು ಬಿಡಬೇಡಿ. 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಅಧ್ಯಯನ ತೋರಿಸಿತು. ರಾತ್ರಿ ಶಿಫ್ಟ್ ಮುಗಿಸಿ ತೂಕಡಿಸುತ್ತಾ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಡಿ. ಅರ್ಧ ಗಂಟೆ ಅಲ್ಲೇ ಮಲಗಿ ಎದ್ದು ಹೋಗಿ. ಹೆದರಿಕೆ ಜಾಸ್ತಿ ಇರುವ ದಿನ ಕಾಫಿ ಕಡಿಮೆ ಮಾಡಿ. ನಡುಗುವ ಕೈಗೆ ಅದು ಇನ್ನಷ್ಟು ನಡುಕ ಕೊಡುತ್ತದೆ.

ಉಳಿಯದವರು

ಹೆದರಿಕೆಯ ತಳದಲ್ಲಿ ಕೂತಿರುವ ಪ್ರಶ್ನೆ ಇದು: ನನ್ನ ಕೈಯಲ್ಲಿ ಯಾರಾದರೂ ಸತ್ತರೆ? ಇದನ್ನು ಮುಚ್ಚಿಡುವುದು ನಿಮಗೆ ಮಾಡುವ ಅನ್ಯಾಯ. ಸಾಯುತ್ತಾರೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು, ಒಳ್ಳೆಯ ವ್ಯವಸ್ಥೆ ಇರುವ ಕಡೆಯೂ, ಸುಮಾರು ಹತ್ತರಲ್ಲಿ ಒಬ್ಬರು. ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ನೀವು ಸರಿಯಾದ ಆಳಕ್ಕೆ, ಸರಿಯಾದ ವೇಗದಲ್ಲಿ, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಾ ಒತ್ತಿರುತ್ತೀರಿ. ಆದರೂ ಅವರು ಉಳಿಯುವುದಿಲ್ಲ. ಕೆಲಸ ಸರಿಯಾಗಿ ಆಯಿತಾ ಎಂಬುದು ಒಂದು ಪ್ರಶ್ನೆ, ಅವರು ಬದುಕಿದರಾ ಎಂಬುದು ಇನ್ನೊಂದು. ಎರಡನೆಯದರ ಉತ್ತರವನ್ನು ಮೊದಲನೆಯದಕ್ಕೆ ಬರೆದುಕೊಳ್ಳಬೇಡಿ. ಏನಾದರೂ ತಪ್ಪು ಆಗಿದ್ದರೆ ಅದನ್ನು ಹೇಳಿ, ಬರೆಸಿ, ಕಲಿಯಿರಿ. ಬಚ್ಚಿಟ್ಟ ತಪ್ಪನ್ನು ಇನ್ನೊಬ್ಬರು ಮತ್ತೆ ಮಾಡುತ್ತಾರೆ.

ಅಂಥ ಕೇಸಿನ ನಂತರ ಕೆಲವು ದಿನ ಆ ದೃಶ್ಯ ಕಣ್ಣಿಗೆ ಬರುವುದು, ನಿದ್ದೆ ಕೆಡುವುದು, ಸಿಟ್ಟು ಬರುವುದು ಸಹಜ. ಮನಸ್ಸು ಅದನ್ನು ಅರಗಿಸಿಕೊಳ್ಳುತ್ತಿದೆ. ನಿಮಗೆ ಇಷ್ಟ ಬಂದವರ ಹತ್ತಿರ, ಇಷ್ಟ ಬಂದಾಗ, ರೋಗಿಯ ಗುರುತು ಬಿಟ್ಟುಕೊಡದೆ ಮಾತಾಡಿ. ಮಾತಾಡಲು ಮನಸ್ಸಿಲ್ಲದ ದಿನ ಬಲವಂತ ಬೇಡ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿತ್ತು. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಮುಂದಿನ ಮಾನಸಿಕ ತೊಂದರೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಚಹಾ ಕುಡಿಯುತ್ತಾ ಪಾರ್ಟ್ನರ್ "ಊಟ ಮಾಡಿದಿಯಾ? ಮನೆಗೆ ಹೇಗೆ ಹೋಗ್ತಿ?" ಎಂದು ಕೇಳುವುದು ಅದಕ್ಕಿಂತ ಹತ್ತಿರದ ಸಹಾಯ. ಆದರೆ ದೃಶ್ಯಗಳು ಒಂದು ತಿಂಗಳಾದರೂ ಬಿಡದಿದ್ದರೆ, ಕೆಲಸಕ್ಕೆ ಹೋಗಲು ಮೈ ಒಪ್ಪದಿದ್ದರೆ, ಕುಡಿತ ಹೆಚ್ಚಾದರೆ ವೈದ್ಯರನ್ನೋ ಮನೋವೈದ್ಯರನ್ನೋ ನೋಡಿ. ಬದುಕೇ ಬೇಡ ಅನಿಸಿದರೆ ತಿಂಗಳು ಕಾಯಬೇಡಿ, ಅವತ್ತೇ ಹೋಗಿ. ಕೆಲಸ ಶುರುವಾಗುವ ಮುಂಚೆಯೇ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಎದೆ ಹಿಡಿದುಕೊಂಡು ಉಸಿರು ಕಟ್ಟುವಂಥ ಭಯ ಮತ್ತೆ ಮತ್ತೆ ಬರುತ್ತಿದ್ದರೆ ಆಗಲೂ ಅಷ್ಟೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಮೊದಲ ಶಿಫ್ಟ್ ಮುಗಿಯುವಾಗ ಕಾಲು ಸೋತಿರುತ್ತವೆ. ಹೊರಡುವ ಮುಂಚೆ ಸ್ಟ್ರೆಚರ್ ಒರೆಸಿ. ಖಾಲಿಯಾದ ಗ್ಲೌಸ್ ಡಬ್ಬಿಗೆ ಹೊಸದು ಹಾಕಿ. ಆಕ್ಸಿಜನ್ ಎಷ್ಟು ಉಳಿದಿದೆ ಎಂದು ಮುಂದಿನ ತಂಡಕ್ಕೆ ಹೇಳಿ. ಜೇಬಿನ ಪುಸ್ತಕ ತೆಗೆದು ಇವತ್ತು ಕೈಗೆ ಬಂದದ್ದು ಒಂದು, ನಾಳೆ ಕೇಳಬೇಕಾದದ್ದು ಒಂದು ಬರೆದುಕೊಳ್ಳಿ. ಬೂಟು ತೊಳೆದು ಬಾಗಿಲ ಹತ್ತಿರ ಇಟ್ಟು ಮಲಗಿ.